ಮುಕ್ಕಾಲು

ಕಳೆದ ಮಂಗಳವಾರ ಹುಲ್ಲಿನ ಉಂಡೆ ಎತ್ತಿಕೊಂಡು
ಇಳಿಜಾರಿಗೆ ಅಡ್ಡ ತಿರುಗಿದಾಗ
ಮೇಲುಬದಿಯ ಹಿಂಚಕ್ರ ನೆಲ ಬಿಟ್ಟು ನಿಂತಿತು,
ಒಂದೇ ಗೇಣು.
ಒಂದು ಗೇಣು ಎಷ್ಟು ಹೊತ್ತು ಹಿಡಿಯುತ್ತದೆಂದು
ಸೀಟಿನ ಮೇಲೆ ಕೂತವರಿಗಷ್ಟೇ ಗೊತ್ತು.
ಧೊಪ್ಪನೆ ಇಳಿಯಿತು. ನಾನೂ ಇಳಿದೆ.
ಆಡುಗಳು ತಲೆ ಕೂಡ ಎತ್ತಲಿಲ್ಲ.

ಬೇಲಿಯಾಚೆಯ ಆರಿನ್, ಎಂಬತ್ತೊಂದರ ಮುದುಕ,
ಕೈರೇಖೆ ನೋಡುವವರ ಗಾಂಭೀರ್ಯದಲ್ಲಿ ಟೈರು ನೋಡಿದ,
ಬೂಟಿನ ಮೊನೆಯಿಂದ ಮೆಲ್ಲಗೆ ಒದ್ದ.
'ಒಳಗೆ ಬರೀ ಗಾಳಿ. ಏನಾದರೂ ಕುಡಿಸು ಇದಕ್ಕೆ.'

ನೀರು ಪುಕ್ಕಟೆ. ಬಾವಿಯಿದೆ, ಕೊಳವೆಯಿದೆ.
ಆದರೆ ವಿಸ್ಕಾನ್ಸಿನ್ನಿನ ಜನವರಿ ಯಾರ ಮಾತೂ ಕೇಳುವುದಿಲ್ಲ;
ಒಳಗಿನ ನೀರು ಬಂಡೆಯಾಗಿ
ಮಾರ್ಚಿನವರೆಗೂ ಗಡಗಡ ಕುಂಟಬೇಕು ಗಾಡಿ.

ಉಪ್ಪು, ಅಂದಳು ವಿರೋಕ್ವಾದ ಟೈರಂಗಡಿಯ ಬ್ರಿಟಾ,
ಕೌಂಟರಿನ ಮೇಲೆ ಮೊಣಕೈಯೂರಿ.
ಕ್ಯಾಲ್ಸಿಯಂ ಉಪ್ಪಿನ ನೀರು. ಭಾರಕ್ಕೆ ಅದನ್ನು ಮೀರಿಸಿದ್ದಿಲ್ಲ.
ಉಪ್ಪು ತಿಂದವನು ನೀರು ಕುಡಿಯಲೇಬೇಕು ಅನ್ನುತ್ತಿದ್ದಳು ನನ್ನಜ್ಜಿ;
ಉಪ್ಪು ಕುಡಿದ ಉಕ್ಕಿನ ಗತಿ ಅವಳು ಕಂಡಿರಲಿಲ್ಲ.
ಆರಿನ್ ಕೊಟ್ಟಿಗೆಯ ಹಿಂದೆ ಕರೆದೊಯ್ದು ತೋರಿಸಿದ:
ಅವನಪ್ಪನ ಕಾಲದ ರಿಮ್ಮು, ವಾಲ್ವಿನ ಸುತ್ತ
ಗೆದ್ದಲು ಹತ್ತಿದ ಬಾಗಿಲಿನಂತೆ ಉದುರುತ್ತಿತ್ತು.
ಮುಟ್ಟಿದರೆ ಬೆರಳಿಗೆ ಕಾವಿ.
ಕಬ್ಬಿಣವೂ ಸನ್ಯಾಸ ತೆಗೆದುಕೊಳ್ಳುತ್ತದೆ.

ಇನ್ನೊಂದಿದೆ, ಕಾರಿಗೆ ಹಾಕುವ ಹಸಿರು ದ್ರವ,
ಹೆಪ್ಪುಗಟ್ಟದು, ತುಕ್ಕು ಹಿಡಿಸದು...
ಆರಿನ್ ಮಾತು ಮುಗಿಸಲಿಲ್ಲ.
ಅವನ ಹಿತ್ತಿಲಲ್ಲೊಂದು ಚಪ್ಪಡಿ, ಅದರ ಮೇಲೆ
ಬಣ್ಣದಲ್ಲಿ ಕೈಯಾರೆ ಬರೆದದ್ದು: 'ಸ್ಕೂಟರ್, ಒಳ್ಳೆಯ ನಾಯಿ'.
ಮೊಳೆ ಚುಚ್ಚಿ ಟೈರು ಜಿನುಗಿದ ಒಂದು ರಾತ್ರಿ
ನೆಕ್ಕಿದವನಿಗೆ ಗೊತ್ತಿದ್ದದ್ದು ಇಷ್ಟೇ,
ಅದು ಸಿಹಿ.

ಆಡು ಮುಟ್ಟದ ಸೊಪ್ಪಿಲ್ಲ. ನನ್ನ ಹದಿನಾಲ್ಕೂ
ಸೊಪ್ಪಿಗೇ ನಿಲ್ಲುವ ಜಾತಿಯಲ್ಲ;
ಬೇಲಿಯ ಬಣ್ಣ, ಗೇಟಿನ ಗ್ರೀಸು, ನನ್ನ ಅಂಗಿಯ ಗುಂಡಿ.

'ಹಾಗಾದರೆ ಬೀಟ್ ರಸ,' ಅಂದಳು ಬ್ರಿಟಾ,
ಡಬ್ಬಿಯ ಮುಚ್ಚಳ ತೆಗೆದು ನನ್ನ ಮೂಗಿನ ಹತ್ತಿರ ಹಿಡಿದಳು.
ಸಕ್ಕರೆ ತೆಗೆದ ಮೇಲೆ ಉಳಿದ ಕಪ್ಪು.
ಮಂಡ್ಯದವಳಿಗೆ ಇದನ್ನು ಪರಿಚಯಿಸಬೇಕೆ?
ಕಾಕಂಬಿ! ಅಪ್ಪ ಕಾರ್ಖಾನೆಯ ವೇಬ್ರಿಜ್ಜಿನಲ್ಲಿ ಗುಮಾಸ್ತ,
ಖಾಲಿ ಗಾಡಿಯ ತೂಕ, ತುಂಬಿದ ಗಾಡಿಯ ತೂಕ ಬರೆದು ಬರೆದು
ಸಂಜೆ ಮನೆಗೆ ಬಂದರೆ
ಅವನ ಅಂಗಿಯ ತೋಳಿನಲ್ಲಿ ಇದೇ ವಾಸನೆ.
ಬೆಲೆ ಕೇಳಿದೆ. ಕೇಳಬಾರದಿತ್ತು.
ಆದರೂ ಹೂಂ ಅಂದೆ.

ಶನಿವಾರ ಪಂಪು ತಂದಳು. ವಾಲ್ವು ಮೇಲಕ್ಕೆ ಬರುವಂತೆ
ಚಕ್ರ ತಿರುಗಿಸಿ ನಿಲ್ಲಿಸಿದೆವು.
'ಪೂರ್ತಿ ತುಂಬಿಬಿಡು,' ಅಂದೆ, ದುಡ್ಡು ಕೊಟ್ಟವಳ ಧಾಟಿಯಲ್ಲಿ.
'ಮುಕ್ಕಾಲು,' ಅಂದಳು. 'ಮೇಲೆ ಗಾಳಿ ಬೇಕು.
ಕಲ್ಲು ತಾಗಿದಾಗ ಬಗ್ಗುವುದಕ್ಕೆ ಟೈರಿಗೆ ಜಾಗ ಬೇಡವಾ?'

ತುಂಬಿದ ಕೊಡ ತುಳುಕುವುದಿಲ್ಲ ಎಂದು
ಕೋಪಿ ಪುಸ್ತಕದಲ್ಲಿ ನೂರು ಸಲ ಬರೆದವಳು ನಾನು.
ಐವತ್ತಾರು ತುಂಬಿದ ಮೇಲೆ, ಈ ಗುಡ್ಡದಲ್ಲಿ,
ತುಳುಕಿದರೇ ಸರಿ ಅಂತ ಕಲಿಯುವುದಾಯಿತು.

ಮತ್ತೆ ಉಂಡೆ ಎತ್ತಿದೆ, ಮತ್ತೆ ಅಡ್ಡ ತಿರುಗಿದೆ.
ಚಕ್ರ ಕದಲಲಿಲ್ಲ. ಬ್ರೇಕು ಒತ್ತಿದರೆ ಮಾತ್ರ
ಬೆನ್ನ ಹಿಂದೆ ಗುಳುಂ,
ಯಾರೋ ಮಾತು ನುಂಗಿಕೊಂಡ ಹಾಗೆ.

ಸಂಜೆ ನೋಡುತ್ತೇನೆ, ಕಿವಿ ಹರಿದ ಆಡು
ವಾಲ್ವಿನ ಕೆಳಗೆ ಇಳಿದ ಕಪ್ಪು ಹನಿಯನ್ನು
ಕಣ್ಣುಮುಚ್ಚಿ ನೆಕ್ಕುತ್ತಿದೆ.
ಬೇಲಿಯ ಮೇಲೆ ಕೈಯಿಟ್ಟು ಆರಿನ್ ನಿಂತಿದ್ದ.
ಓಡಿಸಲಿಲ್ಲ.