ಟಕ್

ಬಳ್ಳಾರಿ ಕೌಲ್‌ಬಜಾರಿನಲ್ಲಿ ನನ್ನದು ಸೀಟು ಹೊಲಿಯುವ ಅಂಗಡಿ.
ಆಟೊ, ಟ್ರ್ಯಾಕ್ಟರು, ಅದಿರು ಲಾರಿ;
ಒಮ್ಮೆ, ಒಂದೇ ಒಮ್ಮೆ, ವಿಮಾನ.

ವಿಮಾನವೆಂದರೆ ಏನು, ನಾಲ್ಕು ಜನ ಹಿಡಿಸುವಂಥದ್ದು,
ಬಾಗಿಲು ಹಾಕಿದರೆ ಹಳೇ ಫಿಯೆಟ್ಟಿನ ಸದ್ದು.
ಎಡಗಡೆಯ ಸೀಟು ಬಿಚ್ಚಿ, ಗೋಣಿಯಲ್ಲಿ ಸುತ್ತಿ,
ಲೂನಾದ ಮೇಲೆ ತಂದಿಳಿಸಿದ ಮೆಕ್ಯಾನಿಕ್ ಜಿಲಾನಿ.
ಜೀನ್ಸಿನವರ ಹತ್ತಿರ ದಪ್ಪ ದಾರ ಕಡ ತಂದು
ಎರಡೆರಡು ಸಲ ಹೊಲಿದೆ.

ಮುಂದಿನ ವಾರ ಬೆಳಿಗ್ಗೆ
ಕ್ಯಾಪ್ಟನ್ ಸಾಲೊಮನ್ ಅದರ ಮೇಲೆ ಕೂತು ಹಾರಿಸಿದ.
ಗಾಳಿಚೀಲ ಅಲ್ಲಾಡದೆ ನೇತುಬಿದ್ದಿತ್ತು.
ಬೇಲಿಯಾಚೆ ನಿಂತು ನೋಡಿದೆ
ನನ್ನ ಕೆಲಸ ಮೇಲೇರುವುದನ್ನು:
ಜಾಲಿಗಿಡದ ಎತ್ತರ, ನೀರಿನ ಟ್ಯಾಂಕಿನ ಎತ್ತರ,
ಕೋಟೆಗುಡ್ಡದ ಸೊಂಟ,
ಆಮೇಲೆ ಮೂತಿ
ಎತ್ತುತ್ತ ಎತ್ತುತ್ತ
ಲಗಾಮು ಜಗ್ಗಿದ ಜಟಕಾ ಕುದುರೆಯ ಹಾಗೆ
ನಿಂತೇಬಿಟ್ಟಿತು, ಆಕಾಶಕ್ಕೆ ಒರಗಿ.
ಇಂಜಿನ್ನು ಕೂಗುತ್ತಲೇ ಇತ್ತು.
ಎಡರೆಕ್ಕೆ ಮೊದಲು ಸೋತಿತು.

ಬಿದ್ದದ್ದು ಮೆಣಸಿನಕಾಯಿ ಹೊಲಕ್ಕೆ.
ಹಿಂದಿನ ದಿನ ನೀರು ಕಟ್ಟಿದ್ದರು, ಎರೆ ಮೆತ್ತಗಿತ್ತು,
ಬದುಕಿದ.

ದೊಡ್ಡಾಸ್ಪತ್ರೆಯಲ್ಲಿ ದವಡೆಗೆ ತಂತಿ ಬಿಗಿದಿದ್ದರು.
ಯಾವ ಮಗುವಿನದೋ ಸ್ಲೇಟಿನ ಮೇಲೆ ಬರೆದು ತೋರಿಸಿದ:
ಸೀಟು ಹಿಂದೆ ಸರಿಯಿತು.
ಅಂಗೈಯಿಂದ ಅಳಿಸಿ,
ಹಿಡಿದದ್ದನ್ನು ಬಿಡಲಿಲ್ಲ.

ಅಷ್ಟೇ. ಬೀಳುವವರು ಹಿಡಿದುಕೊಳ್ಳುತ್ತಾರೆ.
ನನ್ನ ಮಗಳು ಮೊದಲ ಹೆಜ್ಜೆಗೆ ತೂರಾಡಿ
ಹಿಡಿದದ್ದು ಇಸ್ತ್ರಿಪೆಟ್ಟಿಗೆಯ ವಯರು.
ಅವನು ಹಿಡಿದದ್ದು ಚುಕ್ಕಾಣಿ.
ತಾನು ಜಾರಿದಷ್ಟೂ ಅದನ್ನು ಎಳೆದುಕೊಂಡ,
ಎಳೆದಷ್ಟೂ ಮೂತಿ ಮೇಲೆ.
ಬೆರಳು ಸಡಿಲ ಮಾಡಿದ್ದರೆ ಸಾಕಿತ್ತಂತೆ.
ಯಾರು ಮಾಡುತ್ತಾರೆ?

ದೆಹಲಿಯಿಂದ ಬಂದವರು
ಸೀಟಿನ ಹಳಿಯ ತೂತು ಸವೆದಿದೆ ಎಂದು ಬರೆದುಕೊಂಡರು.
ಜಿಲಾನಿ ಊರು ಬಿಟ್ಟ.
ನನ್ನ ಹೊಲಿಗೆ ಒಂದೆಳೆಯೂ ಹರಿದಿರಲಿಲ್ಲ ಅಂದರು.
ಹೊಗಳಿಕೆಯೋ ಏನೋ.

ಈಗ ಅಂಗಡಿಗೆ ಬಂದ ಪ್ರತಿ ಗಾಡಿಯಲ್ಲೂ ಕೂತು
ಸೀಟನ್ನು ಹಿಂದೆ ಮುಂದೆ ಆಡಿಸುತ್ತೇನೆ.
"ಏನ್ ಮಾಡ್ತೀಯೋ, ಬರೇ ಕವರ್ ಹಾಕು" ಅಂತಾರೆ.
ತಡಿ ಅಂತೀನಿ.
ಗೂಟ ತೂತಿಗೆ ಬೀಳುವ ಆ ಒಂದು ಸದ್ದು
ಕಿವಿಗೆ ಬೀಳುವವರೆಗೂ ಸೂಜಿ ಮುಟ್ಟುವುದಿಲ್ಲ.
ಆಟೊದ ಸೀಟಿಗೆ ಹಳಿಯೇ ಇಲ್ಲ,
ಆದರೂ ಒಮ್ಮೆ ನೂಕಿ ನೋಡುತ್ತೇನೆ.