ಎರಡನೇ ಸಲ ಕೇಳೂದು

ಮಂಗಳವಾರ, ಶುಕ್ರವಾರ,
ಸೋಲಾಪುರದ ಸಿವಿಲ್ ದವಾಖಾನಿ,
ಕೇಸ್ ಪೇಪರಿನ ಖಿಡಕಿ ಎದುರಿನ ಬೆಂಚು.
ಒಂದು ಕಾಲು ಮುರದದ, ಕೆಳಗ ಇಟ್ಟಂಗಿ ಕೊಟ್ಟಾರ.
ಅದು ನನ್ನ ಜಾಗಾ. ಪಗಾರ ಇಲ್ಲ, ಎದಿ ಮ್ಯಾಲ ಬಿಲ್ಲೆ ಇಲ್ಲ.
ಚಡಚಣದ ಬಸ್ಸು ಇಳಿದವರು
ಮರಾಠಿ ಬೋರ್ಡಿನ ಕೆಳಗ ನಿಂತು ಕತ್ತು ಎತ್ತಿದ್ರ ಸಾಕು,
"ಯಾವೂರ್ರಿ?" ಅಂತೀನಿ.
ಅಷ್ಟಕ್ಕ ಅವರ ಹೆಗಲು
ಎರಡು ಬೆರಳು ಕೆಳಗ ಇಳೀತಾವ.

ಮೊದಲ ನಾ ಇಂಥಾ ಮನಶ್ಯಾ ಅಲ್ಲ.
ಮೂವತ್ತೊಂದು ವರ್ಷ ಚಾದರದ ಮಗ್ಗ.
ಆ ಸದ್ದಿನಾಗ ಮಾತಿಗೆ ಜಾಗಾ ಎಲ್ಲಿ?
ತುಟಿ ನೋಡಿ ತಿಳಕೋಬೇಕು, ಕೈ ನೋಡಿ ತಿಳಕೋಬೇಕು.
ಮಾಲಕ ಒಂದಿನ ಮಗ್ಗ ಎಲ್ಲಾ ಕಿಲೋ ಲೆಕ್ಕದಾಗ
ಭಂಗಾರಕ್ಕ ಹಾಕಿದ.
ಮರಾಠ್ಯಾಗ ಗುಜರಿಗೆ ಭಂಗಾರ ಅಂತಾರ.
ನಮ್ಮ ಬಂಗಾರಕ್ಕೂ ಅದಕ್ಕೂ
ಒಂದ ಉಸಿರಿನ ಫರಕು.

ಆಮ್ಯಾಲ ಕಿವಿಗೆ ಊರು ಕೇಳಸಾಕ ಹತ್ತಿತು:
ನಳದ ಜಗಳ, ಬೀಡಿ ಎಲಿ ಕತ್ತರಸೂ ಸಪ್ಪಳ,
ಬಾಜೂ ಮನಿ ಮುದುಕನ ಕೆಮ್ಮು.
ಆ ಕೆಮ್ಮಿನ ಬೆನ್ನ ಹತ್ತೇ ಇಲ್ಲಿಗೆ ಬಂದದ್ದು.
ಮುದುಕ ಆರಾಮಾಗಿ ಮನಿಗೆ ಹೋದ.
ನಾ ಉಳದೆ.

ತೆಲುಗು ಮಂದಿಗೆ ಅಂಬೂಬಾಯಿ ಯೆಮುಲ.
ಬೀಡಿ ಕಟ್ಟಿ ಕಟ್ಟಿ ಉಗುರು ಹಳದಿ;
ಈ ಬೆಂಚಿಗೆ ನನಗಿಂತ ಆರು ವರ್ಷ ಹಿರ್ಯಾಕಿ.
"ಮೊದಲ ಬಾಜೂಕ ಕೂಡು. ನೀರು ಕೊಡು.
ಮಾತು ಆಮ್ಯಾಲ ತಾನ ಬರ್ತದ" ಅಂದಿದ್ಳು.
ನನಗ ಅವಸರ. ಸಾಲು ಉದ್ದ.

ನಿಂಬೆವ್ವ ಬಂದದ್ದು ಅಂಥಾ ಒಂದು ಸಾಲಿನಾಗ.
ಮೂವತ್ತರ ಒಳಗಿನಾಕಿ, ಹಸರು ಸೀರಿ,
ಕೈಚೀಲದಾಗ ಯಾರದೋ ಹಳೀ ಎಕ್ಸ್‌ರೇ.
ಡಾಕ್ಟರ ಹುಡುಗ ತಲಿ ಎತ್ತದ ಕೇಳಿದ.
ನಾ ಕೇಳಿದೆ: "ಏನಾಗ್ತದವಾ?"
ಆಕಿ ಸೆರಗಿನ ತುದಿಗೆ ಹೇಳಿದ್ಳು:
"ಜೀವ ಸಾಕಾಗ್ಯಾದ."
ನಾ ಅಂದೆ: "ಅಶಕ್ತಪಣಾ, ಸಾಹೇಬ."
ಕೆಂಪು ಗುಳಿಗಿ. ಹದಿನೈದು ದಿನ. ಮುಂದಿನವರು.
ಹೋಗೂವಾಗ ನನಗ ಕೈ ಮುಗದ್ಳು.

ನಮ್ಮ ಗಲ್ಲಿಗೆ ಐದು ದಿನಕ್ಕೊಮ್ಮೆ ನೀರು,
ಬರೂದು ರಾತ್ರಿ ಎರಡಕ್ಕ.
ಪೈಪು ಮೊದಲ ಗಾಳಿ ಉಗುಳ್ತದ, ಆಮ್ಯಾಲ ತುಕ್ಕು,
ಆಮ್ಯಾಲ ನೀರು.
ಬ್ಯಾರಲ್ಲಿನ ಮ್ಯಾಲ ಬಗ್ಗಿದಾಗ
ಆ ಮಾತಿನ ಖರೆ ಮರಾಠಿ ಬಂತು:
ಜೀವ ನಕೋಸಾ ಝಾಲಾಯ.
ಮೂರು ಶಬ್ದ. ನನಗ ಬರತಿದ್ದವು.
ಸಣ್ಣಾಂವ ಇದ್ದಾಗಿಂದ ಬರತಿದ್ದವು.
ಬ್ಯಾರಲ್ ತುಂಬಿ, ಚಪ್ಪಲಿ ತೊಯ್ದು, ನೀರು ಗಟಾರಿಗೆ ನಡೀತು.
"ಐದು ದಿನದ ನೀರು! ನಿನ್ನ ಲಕ್ಷ ಎಲ್ಲದ?"
ಹೆಂಡತಿ ಒದರಿದ್ಳು.

ಗುಳಿಗಿ ತೀರೂ ದಿನ ಬಸ್ ಸ್ಟ್ಯಾಂಡಿಗೆ ಹೋಗಿ ನಿಂತೆ.
ಕಂಡಕ್ಟರ್‌ಗೆ ಕೇಳಿದೆ.
"ದಿನಾ ಎಷ್ಟ ಹಸರು ಸೀರಿ ಹತ್ತತಾವ, ಕಾಕಾ" ಅಂದ.
ಆಕಿ ಬರಲಿಲ್ಲ.
ಆರಾಮ ಆಗಿರಬಹುದು. ತವರಿಗೆ ಹೋಗಿರಬಹುದು.
ಬಸ್ಸಿನ ರೊಕ್ಕ ಇರಲಿಕ್ಕಿಲ್ಲ.
ಅಂಬೂಬಾಯಿಗೆ ಹೇಳಿದೆ. ಆಕಿ ಸಮಾಧಾನ ಹೇಳಲಿಲ್ಲ;
ತನ್ನ ತಂಬಿಗಿ ನನ್ನ ಕಡೆ ಸರಿಸಿದ್ಳು.

ಈಗ ಎರಡು ಸಲ ಕೇಳ್ತೀನಿ.
ಏನಾಗ್ತದ ಅಂತ ಒಮ್ಮೆ,
ಹೇಳಿದ ಮ್ಯಾಲ "ಅಂದ್ರ?" ಅಂತ ಇನ್ನೊಮ್ಮೆ.
ಈ "ಅಂದ್ರ"ಕ್ಕ ಮಂದಿ ಸಿಟ್ಟಾಗ್ತಾರ,
ಸುಮ್ಮನಾಗ್ತಾರ,
ಆಮ್ಯಾಲ ಯಾರೋ ಒಬ್ಬರು ಹೇಳ್ತಾರ.
ಡಾಕ್ಟರ ಹುಡುಗ ಗಡಿಯಾರ ನೋಡ್ತಾನ. ನೋಡಲಿ.

ಇವತ್ತು ಧೂಳಖೇಡದ ಮುದುಕ ಒಬ್ಬಾಂವ
ನನ್ನ ಮ್ಯಾಲ ಕೆಳಗ ನೋಡಿ ಕೇಳಿದ:
"ನಿನಗ ಇದರಾಗ ಏನ ಸಿಗ್ತದಪಾ?"
ಕೂಡ್ರಿ ಅಂದೆ.
ಆ ಕಡೆ ಬ್ಯಾಡ, ಇಟ್ಟಂಗಿ ಸರೀತದ.
ಈ ಕಡೆ ಕೂಡ್ರಿ.