ಹೆಬ್ಬೆಟ್ಟು ಮೂಡಿಲ್ಲ

ಎರಡು ವರ್ಷ ಕಾಯಿಸಿ ಬಂತು ದಾದಾನ ಸೇವಾ ದಾಖಲೆ.
ಬುಡನ್ ಅಂತ ಹುಡುಕಿದರೆ ಇರಲಿಲ್ಲವಂತೆ,
ಬೋಡನ್ ಅಂತ ಇದ್ದ.
ತಂದೆಯ ಹೆಸರಿನ ಜಾಗದಲ್ಲಿ: ಶಿಡ್ಲಘಟ್ಟ.

ಎತ್ತರ ಐದಡಿ ಮೂರಂಗುಲ.
ಎದೆ ಮೂವತ್ತೊಂದು, ಉಸಿರು ತುಂಬಿದರೆ ಮೂವತ್ತಮೂರು.
ಆ ಎರಡಂಗುಲ ಗಾಳಿಗೇ ಸರ್ಕಾರ ಸಂಬಳ ಕೊಟ್ಟಿದ್ದು
ಅನ್ನುತ್ತಿದ್ದ, ಬೀಡಿ ಕಟ್ಟಿನ ದಾರ ಬಿಚ್ಚುತ್ತ.
ವಯಸ್ಸು ಹತ್ತೊಂಬತ್ತು. ಸುಳ್ಳು.
ಸೇರಿದ್ದು: ಸ್ವಇಚ್ಛೆಯಿಂದ.

ಸ್ವಇಚ್ಛೆ ಅಂದರೆ ಇಷ್ಟು:
ಸಣ್ಣ ರೈಲು ಹತ್ತಿ ಬೆಂಗಳೂರಿಗೆ
ರೇಷ್ಮೆ ಲಡಿ ಕೊಟ್ಟು ಬರಲು ಹೋದ ಹುಡುಗ
ಯಾವುದೋ ಮೈದಾನದಲ್ಲಿ ಬೂಟು ಹಂಚುವುದು ಕಂಡು
ಸಾಲಿನಲ್ಲಿ ನಿಂತ.
ಸಾಲು ಮುಗಿಯುವಾಗ ಸಿಪಾಯಿಯಾಗಿದ್ದ.
ಲಡಿಯ ದುಡ್ಡು ಮನಿಯಾರ್ಡರಿನಲ್ಲಿ ಬಂತು,
ಆರಾಣೆ ಕಡಿಮೆ.

ಹೆಬ್ಬೆಟ್ಟಿನ ಚೌಕದಲ್ಲಿ ಬರೀ ಮಸಿಯ ಬೊಟ್ಟು.
ಪಕ್ಕದಲ್ಲಿ ಗುಮಾಸ್ತನ ಷರಾ:
ಗೆರೆ ಮೂಡಿಲ್ಲ, ಮೂರು ಸಲ ಒತ್ತಿಸಲಾಯಿತು.
ಹೇಗೆ ಮೂಡೀತು ಮಹರಾಯ,
ಏಳನೇ ವಯಸ್ಸಿಂದ ಕುದಿನೀರಿನ ಹಂಡೆಗಿಳಿದು
ಗೂಡಿನ ಎಳೆ ಹುಡುಕಿದ ಬೆರಳು!
ನಮ್ಮ ಬೀದಿಯಲ್ಲಿ ಯಾರ ಬೆರಳಿಗೂ ಗೆರೆ ಉಳಿದಿಲ್ಲ.
ರೇಷನ್ ಅಂಗಡಿಯ ಯಂತ್ರ ತಿಂಗಳಿಗೊಮ್ಮೆ
ಅದೇ ಷರಾ ಬರೆಯುತ್ತದೆ.

ಕಾಗದ ಐದೇ. ತಗಡಿನ ಪೆಟ್ಟಿಗೆಯಲ್ಲಿ,
ಮುತ್ತಜ್ಜಿ ಖಾಸಿಂಬಿಯ ಮದುವೆ ಸೀರೆಯ ಅಡಿ.
ದಾದಾ ನಮ್ಮ ಮನೆಮಾತಿನಲ್ಲಿ ಹೇಳಿದ್ದನ್ನು
ಬಾಗೇಪಲ್ಲಿ ಕಡೆಯ ಕದಿರಪ್ಪ
ತನ್ನೊಳಗೆ ತೆಲುಗು ಮಾಡಿಕೊಂಡು
ಸ್ಲೇಟಿನ ಕನ್ನಡದಲ್ಲಿ ಗುಂಡಗೆ ಬರೆದಿದ್ದಾನೆ.
ಎಲ್ಲದರ ಮೇಲೆ ಯಾರೋ ದೊರೆಯ ಕುಂಚ ಆಡಿದೆ.
ಮೂರನೆಯದರಲ್ಲಿ ಉಳಿದದ್ದು:
ಅಮ್ಮನಿಗೆ ಸಲಾಂ. ಇಲ್ಲಿ
ಆಮೇಲೆ ಏಳು ಸಾಲು ಕಪ್ಪು.
ಆಮೇಲೆ: ಮೇಕೆಗೆ ಮರಿಯಾಯಿತೇ.

ಜಗಲಿಯಲ್ಲಿ ಕೂತು ಓದುವವರು ಟಪಾಲು ಅಶ್ವತ್ಥಯ್ಯ.
ಇಲ್ಲಿಂದ ಇಲ್ಲಿಗೆ ಕಪ್ಪು ಬಳಿದಿದ್ದಾರೆ ಕಣಮ್ಮಾ, ಅಂದರೆ
ಬಳಿದದ್ದನ್ನೂ ಓದು, ಅಂದಳಂತೆ ಖಾಸಿಂಬಿ,
ದುಡ್ಡು ಕೊಟ್ಟಿಲ್ಲವಾ ಸ್ಟಾಂಪಿಗೆ?
ಯಾರೂ ಕೊಟ್ಟಿರಲಿಲ್ಲ. ಸಿಪಾಯಿ ಕಾಗದಕ್ಕೆ ಸ್ಟಾಂಪಿಲ್ಲ.
ಅಶ್ವತ್ಥಯ್ಯ ಕನ್ನಡಕ ಒರೆಸಿ ಓದಿದರು:
ಇಲ್ಲಿ ಊಟಕ್ಕೆ ತೊಂದರೆ ಇಲ್ಲ. ಕಂಬಳಿ ಎರಡು ಕೊಟ್ಟಿದ್ದಾರೆ.
ರಾತ್ರಿ ಚಳಿ. ನಿನ್ನ ನೆನಪಾಗುತ್ತದೆ.
ಅವಳು ಕೇಳಿದಳು:
ಇಷ್ಟು ಹೇಳಿದ್ದಕ್ಕೆ ಮಸಿ ಬಳಿದರಾ ಪಾಪಿಗಳು.

ಅವನು ಬಂದ. ನಲವತ್ತಾರರ ಬೇಸಗೆಯಲ್ಲಿ,
ನಾಲ್ಕು ದಿನ ತಡವಾಗಿ, ಬರಿಗಾಲಲ್ಲಿ,
ಬಾಗೇಪಲ್ಲಿಯ ದಿಕ್ಕಿನಿಂದ.
ಖಾಸಿಂಬಿ ಕಾಲು ನೋಡಿದಳು. ಕೇಳಲಿಲ್ಲ.
ಅನ್ನ ಬಡಿಸಿ, ಕಾಗದ ಹರಡಿ, ಕಪ್ಪಿನ ಮೇಲೆ ಬೆರಳಿಟ್ಟು
ಇದರಲ್ಲಿ ಏನಿತ್ತು, ಅಂದಳು.
ಬಹಳ ಹೊತ್ತು ನೋಡಿ ದಾದಾ ಹೇಳಿದ್ದು:
ನಂಗೆ ಓದೋಕೆ ಬರುತ್ತಾ?
ಬರೆದವನು ಕದಿರಪ್ಪ. ಅವನನ್ನ ಕೇಳಬೇಕು.
ಮತ್ತೆ ಅನ್ನ ಕಲೆಸಿದ. ಉಣ್ಣಲಿಲ್ಲ.

ಟ್ಯೂಬ್‌ಲೈಟಿಗೆ ಹಿಡಿದು ನೋಡಿದ್ದೇನೆ ನಾನೂ.
ಒಂದು ಕೊಂಬು, ಒಂದು ಒತ್ತಕ್ಷರದ ಬಾಲ.
ಅಷ್ಟೇ. ಬೆಳಕು ಅದಕ್ಕಿಂತ ಒಳಗೆ ಹೋಗುವುದಿಲ್ಲ.

ಕೊನೆಯ ಹಾಳೆ, ಬಿಡುಗಡೆಯ ಲೆಕ್ಕ.
ನಡತೆ: ಒಳ್ಳೆಯದು.
ಕಂಬಳಿ ಒಂದು, ಹಿಂದಿರುಗಿಸಿದೆ.
ಬೂಟು ಎರಡು ಜೊತೆ, ಹಿಂದಿರುಗಿಸಿಲ್ಲ;
ಒಂದು ಇವನ ಅಳತೆಯದಲ್ಲ.
ಹದಿನೇಳು ರೂಪಾಯಿ ಕಡಿತ.
ಕೆಳಗೆ ಒಪ್ಪಿಗೆಯ ಹೆಬ್ಬೆಟ್ಟು,
ಮೂಡಿಲ್ಲ.